ಎಡಭುಜದ ಬೆಲ್ಲ

ನಮ್ಮ ಮನೆಯ ದೇವರ ಗೂಡಿನಲ್ಲಿರುವ ಆಂಜನೇಯನ ಪಟದಿಂದ ದಿನಕ್ಕೆ ಒಂದು ಹೂವಾದರೂ ಕೆಳಗೆ ಬೀಳುತ್ತದೆ. ಪಟ ಸ್ವಲ್ಪ ಮುಂದಕ್ಕೆ ವಾಲಿದೆ, ಎದುರಿಗೇ ಕಿಟಕಿಯಿದೆ, ಕಿತ್ತ ಹೂವು ಗಳಿಗೆಗಳಿಗೆಗೂ ಒಣಗುತ್ತದೆ. ಬೀಳದೆ ಇನ್ನೇನು ಮಾಡೀತು? ಆದರೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವ ನಮ್ಮ ಸೊಸೆಗೆ ಈ ಭೌತಶಾಸ್ತ್ರ ಬೇಕಾಗಿಲ್ಲ. "ಮಾವ, ಯಾವ ಕಡೆ ಬಿತ್ತು?" ಎಂದು ದಿನಾ ಬೆಳಗ್ಗೆ ಕೂಗಿ ಕೇಳುತ್ತಾಳೆ. ನಾನು ಪತ್ರಿಕೆಯಿಂದ ಕಣ್ಣು ತೆಗೆಯದೆ, "ಬಲಗಡೆ ಕಣಮ್ಮ" ಎನ್ನುತ್ತೇನೆ. ಅವಳ ದಿನ ಚೆನ್ನಾಗಿ ಆರಂಭವಾಗುತ್ತದೆ, ನನ್ನ ಎರಡನೆಯ ಲೋಟ ಕಾಫಿಯೂ ಬರುತ್ತದೆ. ಹೂವು ನಿಜವಾಗಿ ಯಾವ ಕಡೆ ಬಿತ್ತೆಂದು ನಾನು ಎದ್ದು ನೋಡಿದ್ದೇ ಇಲ್ಲ.

ಬಲಗಡೆಯೆಂದರೆ ದೇವರ ಒಪ್ಪಿಗೆ, ಎಡಗಡೆಯೆಂದರೆ ಬೇಡ ಎಂದರ್ಥ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳುವುದು ಅವಮಾನ. ನೀವು ಹೊರಗಿನವರಾದರೆ ಇಷ್ಟು ತಿಳಿದಿರಲಿ. ವಿಗ್ರಹದ ಎರಡು ಭುಜಗಳಿಗೂ ನೀರಿನಲ್ಲಿ ಅದ್ದಿದ ಒಂದೊಂದು ಕಣಗಲೆ ಹೂವನ್ನು ಅಂಟಿಸಿ, ಎದುರಿಗೆ ಕೈಮುಗಿದು ಕುಳಿತು, ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ, ಯಾವ ಹೂವು ಮೊದಲು ಬೀಳುತ್ತದೆಂದು ಕಾಯುವುದಕ್ಕೆ ನಾವು ಹೂ ಕೇಳುವುದು ಎನ್ನುತ್ತೇವೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯ ಬದಿಯಲ್ಲಿರುವ ನಮ್ಮ ಹಳ್ಳಿಯ ಆಂಜನೇಯ ಈ ಕೆಲಸಕ್ಕೆ ಹೆಸರಾದವನು. ಬಾವಿ ಎಲ್ಲಿ ತೋಡಬೇಕು, ಕೆಂದೆತ್ತು ಕೊಳ್ಳಬೇಕೋ ಬಿಳಿಯೆತ್ತೋ, ಆಲೂಗೆಡ್ಡೆ ಈ ವಾರ ಹಾಕಬೇಕೋ ಬರುವ ವಾರವೋ ಎಂದು ಜನ ಅವನನ್ನು ಪೀಡಿಸುತ್ತಿದ್ದರು. ಲಂಕೆಗೆ ಹಾರಿದವನು ನಮ್ಮೂರ ಆಲೂಗೆಡ್ಡೆಯ ವಿಷಯದಲ್ಲಿ ಅಭಿಪ್ರಾಯ ಕೊಡುತ್ತ ಕೂರಬೇಕಾಗಿ ಬಂದುದನ್ನು ನೆನೆದರೆ, ಅಂದುಕೊಂಡದ್ದೊಂದು ಆದದ್ದೊಂದು ಎಂಬ ಗೋಳು ಮನುಷ್ಯರಿಗೆ ಮಾತ್ರವಲ್ಲವೆಂದು ಸಮಾಧಾನವಾಗುತ್ತದೆ.

ನಮ್ಮ ದೊಡ್ಡಪ್ಪನೇ ಆ ಗುಡಿಯ ಪೂಜಾರಿ. ಮಕ್ಕಳಿಲ್ಲದ ಮನುಷ್ಯ. ಕನ್ನಡದಲ್ಲಿ ಪೂಜೆ, ದೇವರು ಉತ್ತರ ಕೊಡಲು ತಡಮಾಡಿದರೆ ಮಾತ್ರ ತೆಲುಗು. "ಚೆಪ್ಪು ಸ್ವಾಮಿ, ಚೆಪ್ಪು. ಜನ ಕಾಯ್ತಾವ್ರೆ" ಎಂದು ಗದರಿಸುತ್ತಿದ್ದರು. ಅವರ ಕೈ ನಡುಗುವುದಕ್ಕೆ ಶುರುವಾದ ಮೇಲೆ ಹೂವು ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಆಗ ನನಗೆ ಇಪ್ಪತ್ತು. ಐವತ್ತರ ದಶಕ ಇನ್ನೂ ಅರ್ಧ ಮುಗಿದಿರಲಿಲ್ಲ. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಓದಿ ಎಸ್.ಎಸ್.ಎಲ್.ಸಿ.ಯನ್ನು ಎರಡನೆಯ ಪ್ರಯತ್ನದಲ್ಲಿ ಪಾಸು ಮಾಡಿದ್ದೆನಾದ್ದರಿಂದ ಹೊಲ, ಗುಡಿ ಎರಡೂ ನನ್ನ ಯೋಗ್ಯತೆಗೆ ಕಡಿಮೆಯವು ಎಂದು ನನಗೆ ಖಚಿತವಾಗಿತ್ತು. ನನ್ನ ಜೀವನದ ನಕ್ಷೆ ಸಿದ್ಧವಾಗಿತ್ತು: ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಬೆತ್ತ ಹೆಣೆದ ಕುರ್ಚಿ, ಕಿವಿಯ ಮೇಲೊಂದು ಪೆನ್ಸಿಲು, ಬಾಗಿಲಲ್ಲಿ ಟವೆಲನ್ನು ಕಂಕುಳಲ್ಲಿಟ್ಟುಕೊಂಡು "ಸ್ವಾಮೀ" ಎನ್ನುವ ನಾಲ್ಕು ಜನ. ಆ ನಾಲ್ಕು ಜನರಲ್ಲಿ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟರೂ ಒಬ್ಬರಿರಬೇಕೆಂಬುದು ನಕ್ಷೆಯ ಅತ್ಯಂತ ಸೂಕ್ಷ್ಮವಾದ ಭಾಗ.

ಹೀಗಿರುವಾಗ ಒಂದು ಕಚೇರಿಯ ಶಿರಸ್ತೇದಾರರು, ಊರು ಹೆಸರು ಬೇಡ, ತಮ್ಮ ತಮ್ಮನಿಗೆ ನನ್ನ ತಂಗಿ ಸರೋಜಳನ್ನು ಕೇಳಿದರು. ವರನಿಗೆ ಮೂವತ್ತಾರು, ಮೊದಲ ಹೆಂಡತಿ ತೀರಿಕೊಂಡಿದ್ದಳು. ಸರೋಜಳಿಗೆ ಹದಿನೆಂಟು. ಮದುವೆಯಾದರೆ ಹುಡುಗಿಯ ಅಣ್ಣನಿಗೆ ಕಚೇರಿಯಲ್ಲಿ ಒಂದು ಜಾಗ ನೋಡೋಣ ಎಂದು ಶಿರಸ್ತೇದಾರರು ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದರು. ಅವರು ಹೇಳಿದ್ದು ಅಷ್ಟೇ. ಅಷ್ಟರಲ್ಲೇ ನಾನು ಕುರ್ಚಿಯ ಮೇಲೆ ಕುಳಿತು ಕಾಲು ಅಲ್ಲಾಡಿಸತೊಡಗಿದ್ದೆ.

ಸರೋಜಳನ್ನು ಯಾರೂ ಕೇಳಲಿಲ್ಲ. ದೇವರನ್ನೇ ಕೇಳುವುದಿರುವಾಗ ನಡುವೆ ಹುಡುಗಿಯನ್ನು ಕೇಳುವುದು ದೇವರಿಗೆ ಅಗೌರವವಲ್ಲವೇ? ಅವಳೇ ಕೊಟ್ಟಿಗೆಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದಳು.

"ಅಣ್ಣ, ಅವರಿಗೆ ಮುಂದಿನ ಎರಡು ಹಲ್ಲಿಲ್ವಂತೆ, ಹೌದಾ?"

"ಶಿರಸ್ತೇದಾರರ ತಮ್ಮ ಕಣೇ. ಹಲ್ಲು ಕಟ್ಕೊಂಡು ನಿಂಗೇನಾಗ್ಬೇಕು?"

"ನಂಗೆ ಈ ಸಂಬಂಧ ಬೇಡ ಅನ್ಸುತ್ತೆ ಅಣ್ಣ. ಅಪ್ಪಂಗೆ ನೀನಾದ್ರೂ ಹೇಳೋ."

"ನಾನ್ಯಾರು, ನೀನ್ಯಾರು? ದೇವ್ರು ಹೇಳ್ದಂಗೆ ಆಗುತ್ತೆ. ಅವನ ಮೇಲೆ ನಂಬಿಕೆ ಇಡು" ಎಂದೆ. ನನ್ನ ಬಾಯಿಂದ ಆ ಉಪದೇಶ ಹೊರಬಿದ್ದದ್ದು ಅದೇ ಮೊದಲು. ಆಮೇಲೆ ಅದು ಚಟವೇ ಆಯಿತು.

ಹೂ ಕೇಳುವ ದಿನ ಬೆಳಗ್ಗೆ ನಾನು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಅತ್ಯಂತ ಭಕ್ತಿಯಿಂದ ಗರ್ಭಗುಡಿಯೊಳಗೆ ಹೋದೆ. ಬಲಭುಜಕ್ಕೆ ಶಾಸ್ತ್ರದಂತೆ ಬರೀ ನೀರು ಮುಟ್ಟಿಸಿ ಹೂವನ್ನಿಟ್ಟೆ. ಎಡಭುಜದ ಹೂವಿನ ಹಿಂಬದಿಗೆ, ನೈವೇದ್ಯಕ್ಕೆಂದು ತಂದ ಬೆಲ್ಲದಲ್ಲಿ ಉಗುರಿನಷ್ಟನ್ನು ನೀರಲ್ಲಿ ಕಲಸಿ ಮೆತ್ತಿ, ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿದೆ. ದೇವರ ಮೇಲೆ ನನಗೆ ನಂಬಿಕೆಯಿರಲಿಲ್ಲವೆಂದು ಭಾವಿಸಬೇಡಿ. ಪೂರ್ತಿ ನಂಬಿಕೆಯಿತ್ತು. ಆದರೆ ಅವನಿಗೆ ಊರಿನ ಕೆಲಸವೆಲ್ಲ ತಲೆಯ ಮೇಲಿರುವಾಗ ನನ್ನ ವಿಷಯ ಮರೆತುಹೋಗಬಹುದೆಂದು ಸ್ವಲ್ಪ ಸಹಾಯ ಮಾಡಿದೆ, ಅಷ್ಟೆ. ತೀರ್ಪನ್ನು ನಾನೇ ಬರೆದು, ರುಜುವಿಗೆ ಮಾತ್ರ ಸ್ವಾಮಿಯ ಮುಂದಿಟ್ಟಿದ್ದೆ. ಗುಮಾಸ್ತನ ಲಕ್ಷಣಗಳು ನನ್ನಲ್ಲಿ ಆಗಲೇ ಇದ್ದುವು.

ಬೀಗರು ಊರಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಅವರನ್ನು ಕರೆತರಲು ಹೋದೆ. ಸರೋಜ ಗುಡಿಯ ಮುಂದೆ ರಂಗೋಲಿ ಬಿಡುತ್ತಿದ್ದಳು. ಎಲ್ಲರೂ ಬಂದು ಕುಳಿತ ಮೇಲೆ ದೊಡ್ಡಪ್ಪ ಕರ್ಪೂರ ಹಚ್ಚಿ, "ಅಪ್ಪಾ, ಈ ಮದುವೆ ನಿಂಗೆ ಒಪ್ಪಿಗೆಯಾದ್ರೆ ಬಲಗಡೆ ಕೊಡು, ಇಲ್ದಿದ್ರೆ ಎಡಗಡೆ ಕೊಡು" ಎಂದರು. ನಾನು ಕಣ್ಣು ಮುಚ್ಚಿ ಕೈಮುಗಿದು, ನೇಮಕದ ಆಜ್ಞೆಯನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. ದೊಡ್ಡಪ್ಪ ತೆಲುಗಿಗೆ ಇಳಿಯುವಷ್ಟು ಹೊತ್ತೂ ಆಗಲಿಲ್ಲ. ಹೆಂಗಸರ ಕಡೆಯಿಂದ "ಅಯ್ಯೋ" ಎಂಬ ಶಬ್ದ ಬಂತು. ಕಣ್ಣು ಬಿಟ್ಟೆ. ಎಡಗಡೆಯ ಹೂವು, ನಾನು ಬೆಲ್ಲ ಮೆತ್ತಿ ಹೆಬ್ಬೆರಳು ನೋಯುವಂತೆ ಒತ್ತಿದ್ದ ಹೂವು, ಪೀಠದ ಮೇಲೆ ಬಿದ್ದಿತ್ತು.

ಶಿರಸ್ತೇದಾರರು ಎದ್ದು ಕೋಟು ಕೊಡವಿಕೊಂಡು ಹೋದರು. ಕುರ್ಚಿ ಅವರ ಹಿಂದೆಯೇ ಹೋಯಿತು. ಅಪ್ಪ, "ಸ್ವಾಮಿ ಬೇಡ ಅಂದ್ಮೇಲೆ ಮುಗೀತು" ಎಂದರು. ನನಗೆ ಮಾತ್ರ ಮುಗಿಯಲಿಲ್ಲ. ಮೂರು ದಿನ ಜ್ವರ ಬಂದು ಮಲಗಿದೆ. ಇಡೀ ಊರಿನಲ್ಲಿ ಆ ಹೂವು ಬೀಳಲಾರದೆಂದು ತಿಳಿದಿದ್ದವನು ನಾನೊಬ್ಬನೇ; ಆದ್ದರಿಂದ ಕಣ್ಣಾರೆ ಪವಾಡ ಕಂಡವನೂ ನಾನೊಬ್ಬನೇ. ಕಲ್ಲಿನ ಆಂಜನೇಯ ನನ್ನ ಬೆಲ್ಲವನ್ನು ಒದೆದು ಎಸೆದಿದ್ದ.

ಮುಂದಿನ ವರ್ಷ ಸರೋಜಳನ್ನು ಶಿಡ್ಲಘಟ್ಟದ ಒಂದು ಮನೆಗೆ ಕೊಟ್ಟರು. ರೇಷ್ಮೆ ಹುಳು ಸಾಕುವವರು. ಹುಡುಗನಿಗೆ ಹಲ್ಲೆಲ್ಲ ಇದ್ದುವು. ಆ ಸಲವೂ ಹೂ ಕೇಳಿದರು, ಬಲಗಡೆಯೇ ಆಯಿತು. ನಾನು ನೀರು ಬಿಟ್ಟು ಬೇರೇನನ್ನೂ ಮುಟ್ಟುವ ಧೈರ್ಯ ಮಾಡಲಿಲ್ಲ. ಎರಡು ವರ್ಷಕ್ಕೆ ದೊಡ್ಡಪ್ಪ ತೀರಿಕೊಂಡರು. ಗುಡಿ ನನ್ನ ಕೊರಳಿಗೆ ಬಿತ್ತು. ಗುಮಾಸ್ತನಾಗಬೇಕೆಂದಿದ್ದೆನಲ್ಲ, ಆದೆ, ಆಂಜನೇಯನ ಗುಮಾಸ್ತ. ಬಾಗಿಲಲ್ಲಿ ಟವೆಲನ್ನು ಕಂಕುಳಲ್ಲಿಟ್ಟುಕೊಂಡು "ಸ್ವಾಮೀ" ಎನ್ನುವವರು ದಿನಾ ಬಂದರು, ಆದರೆ ಅದು ನನ್ನ ಬೆನ್ನ ಹಿಂದಿದ್ದವನಿಗೆ. ಗಣಿತದ ಮೇಷ್ಟರೂ ಒಮ್ಮೆ ಬಂದು ಕೈಮುಗಿದು ನಿಂತರು. ನನ್ನ ನಕ್ಷೆಯನ್ನು ದೇವರು ಇಷ್ಟು ಅಕ್ಷರಶಃ ಓದಿ, ಇಷ್ಟು ತಪ್ಪಾಗಿ ಜಾರಿಗೆ ತರುತ್ತಾನೆಂದು ಯಾರು ಬಲ್ಲರು?

ಪವಾಡ ಕಂಡವನಿಗೆ ಸುಮ್ಮನಿರಲು ಬರುವುದಿಲ್ಲ. ಬೆಲ್ಲದ ವಿಷಯ ಮುಚ್ಚಿಟ್ಟು, ಅದರಿಂದ ಹುಟ್ಟಿದ ಭಕ್ತಿಯನ್ನು ಮಾತ್ರ ಧಾರಾಳವಾಗಿ ಹಂಚಿದೆ. ಎತ್ತು ಸತ್ತವನಿಗೆ, ಪರೀಕ್ಷೆಯಲ್ಲಿ ಬಿದ್ದವನಿಗೆ, ಮಳೆಯಲ್ಲಿ ಗೋಡೆ ಕುಸಿದವನಿಗೆ ಒಂದೇ ಮಾತು: "ನಮ್ಮ ಲೆಕ್ಕ ಬೇರೆ, ಅವನ ಲೆಕ್ಕ ಬೇರೆ. ನಂಬಿ ಸುಮ್ನಿರಪ್ಪ." ಹೇಳುವವನ ಗೋಡೆ ಗಟ್ಟಿಯಾಗಿರುವಾಗ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂಬುದನ್ನು ನೀವೂ ಅನುಭವದಿಂದ ಬಲ್ಲಿರಿ.

ಅರವತ್ತರ ದಶಕದ ನಡುವೆ ಸರೋಜಳ ಗಂಡ ಎರಡೇ ದಿನದ ಕಾಯಿಲೆಯಲ್ಲಿ ಹೋಗಿಬಿಟ್ಟ. ಮೂರನೆಯ ತಿಂಗಳು ನಾನು ಅವಳನ್ನು ನೋಡಲು ಶಿಡ್ಲಘಟ್ಟದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಯೋಚನೆ ಕೊರೆಯುತ್ತಿತ್ತು: ಹಲ್ಲಿಲ್ಲದ ಆ ವರ ಇನ್ನೂ ಗಟ್ಟಿಮುಟ್ಟಾಗಿದ್ದ. ಮಂಚೇನಹಳ್ಳಿಯ ಕಡೆಯ ಹುಡುಗಿಯನ್ನು ಮದುವೆಯಾಗಿ, ಅವಳಿಗೆ ಸೊಂಟಕ್ಕೆ ಡಾಬು ಮಾಡಿಸಿ, ಬಾಯಿಗೆ ಹೊಸ ಹಲ್ಲು ಕಟ್ಟಿಸಿಕೊಂಡು, ಬಹಳ ಅಕ್ಕರೆಯಿಂದ ಬಾಳುತ್ತಿದ್ದಾನೆಂದು ಕೇಳಿದ್ದೆ. ನನ್ನ ಬೆಲ್ಲ ಅಂಟಿದ್ದರೆ ಸರೋಜಳ ಹಣೆಯಲ್ಲಿ ಇಂದಿಗೂ ಕುಂಕುಮವಿರುತ್ತಿತ್ತು. ದೇವರು ಪವಾಡ ಮಾಡಿ ಕೆಡಿಸಿದ್ದು ಇದನ್ನೇ?

ಅವಳು ಹುಳುಮನೆಯಲ್ಲಿದ್ದಳು. ಹುಳು ಬಲಿತು ಹಣ್ಣಾಗಿದ್ದುವು. ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಸುರುಳಿಗಳ ನಡುವೆ ಬಿಡುತ್ತಿದ್ದಳು. ಆ ಹುಳುವಿಗೂ ಒಂದು ನಕ್ಷೆ ಇರುತ್ತದೆ, ಚಿಟ್ಟೆಯಾಗುವುದು. ಅದನ್ನು ಸಾಕುವ ನಮಗೂ ಒಂದು ನಕ್ಷೆ ಇರುತ್ತದೆ, ಸೀರೆ. ನಾನು ಆ ಜಾಗದಲ್ಲಿ ನಿಂತು, ಇಂಥ ವಿಚಾರಗಳಿಗೆ ಕಣ್ಣು ಮುಚ್ಚಿಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ನೋಡಮ್ಮ, ನಮ್ಮ ಲೆಕ್ಕ ಬೇರೆ, ಅವನ ಲೆಕ್ಕ ಬೇರೆ..."

ಸರೋಜ ಕೈಯಲ್ಲಿದ್ದ ಹುಳುವನ್ನು ಮೆಲ್ಲಗೆ ಇಳಿಸಿದಳು. "ಬೇರೆ ಯಾರಾದ್ರೂ ಹೇಳ್ಲಿ, ಕೇಳ್ತೀನಿ. ಬೆಲ್ಲ ಮೆತ್ತಿದೋನು ನೀನು ಹೇಳ್ಬೇಡಪ್ಪ."

ಹುಳುಮನೆಯಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತಿರುತ್ತದೆ. ಹಣ್ಣಾದ ಹುಳು ಮೇಯುವುದಿಲ್ಲ.

"ನಿಂಗೆ... ಹೆಂಗೆ?"

"ಇರುವೆ ಹೇಳ್ತು. ರಂಗೋಲಿ ಬಿಡ್ತಾ ತಲೆ ಎತ್ತಿ ನೋಡಿದ್ರೆ ಸ್ವಾಮಿ ಎಡಗಡೆ ತೋಳ ಮೇಲೆ ಸಾಲಾಗಿ ಹತ್ತುತಾವೆ. ಬಲಗಡೆ ಒಂದೂ ಇಲ್ಲ. ನೀನು ಕಟ್ಟೆ ಹತ್ರ ಹೋಗಿದ್ದೆ, ದೊಡ್ಡಪ್ಪ ಇನ್ನೂ ಬಂದಿರ್ಲಿಲ್ಲ. ಒಳಗೆ ಹೋದೆ. ಹೆಣ್ಣುಮಕ್ಳು ಹೋಗ್ಬಾರ್ದು, ಬ್ರಹ್ಮಚಾರಿ ದೇವ್ರನ್ನ ಮುಟ್ಬಾರ್ದು ಅಂತ ಗೊತ್ತು. ಮುಟ್ದೆ."

"ಹಂಗಾದ್ರೆ ನೀನು ಬೆಲ್ಲಾನ ಬಲಗಡೆಗೆ ಮೆತ್ತಿದ್ಯಾ?"

"ಕೈ ಹೋಗಿತ್ತು ಕಣಣ್ಣ, ಸುಳ್ಳು ಹೇಳಲ್ಲ. ಆಮೇಲೆ ಅನ್ನಿಸ್ತು, ನೀನೊಂದ್ಸಲ ಅವನ ಬಾಯಿ ಕಟ್ದೆ, ನಾನೊಂದ್ಸಲ ಕಟ್ಟಿದ್ರೆ ಅವನು ಮಾತಾಡೋದು ಯಾವಾಗ? ಪಾಪ. ಬೆಲ್ಲ ಒರೆಸ್ಬಿಟ್ಟು ಎರಡು ಹೂವನ್ನೂ ಬರೀ ನೀರಲ್ಲಿ ಇಟ್ಟು ಬಂದೆ."

"ಬಲಗಡೆ ಬಿದ್ದಿದ್ರೆ?"

"ಹೋಗ್ತಿದ್ದೆ."

ಅಷ್ಟೇ ಹೇಳಿ ಇನ್ನೊಂದು ಹುಳುವನ್ನು ಆರಿಸಿಕೊಂಡಳು. ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ: ಎಡಗಡೆ ಬಿದ್ದು ಏನು ಒಳ್ಳೆಯದಾಯಿತು, ಹೀಗಾಯಿತಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಒಳ್ಳೇದು ಮಾಡ್ತೀಯಾ ಅಂತ ನಾನು ಕೇಳಿರ್ಲಿಲ್ಲ ಅಣ್ಣ. ನಿನ್ನ ಮಾತೇನು ಅಂತ ಕೇಳಿದ್ದೆ. ಹೇಳ್ದ. ಹತ್ತು ವರ್ಷ ಆ ಮನುಷ್ಯನ ಜೊತೆ ಚೆನ್ನಾಗಿದ್ದೆ. ಈಗ ಅಳು ಬರುತ್ತೆ, ಅಳ್ತೀನಿ. ನೀನು ಸುಮ್ನೆ ಕೂತ್ಕೊಂಡು ಹುಳ ಆರಿಸು."

ಕುಳಿತು ಹುಳು ಆರಿಸಿದೆ. ಅವಳಿಗೆ ನಾನು ಕೊಟ್ಟ ಸಮಾಧಾನದಲ್ಲಿ ಪ್ರಯೋಜನಕ್ಕೆ ಬಂದದ್ದು ಅದೊಂದೇ.

ನನ್ನ ಪವಾಡ ಹೀಗೆ ಒಂದು ಒದ್ದೆಬಟ್ಟೆಯಲ್ಲಿ ಒರೆಸಿಹೋಯಿತು. ಅದರೊಂದಿಗೆ ನನ್ನ ಉಪದೇಶವೂ ಹೋಗಬೇಕಾಗಿತ್ತು. ಹೋಗಲಿಲ್ಲ; ನಾನು ತಪ್ಪೊಪ್ಪಿಕೊಳ್ಳಬೇಕಾದದ್ದು ಇದನ್ನೇ, ಬೆಲ್ಲವನ್ನಲ್ಲ. ಬೆಲ್ಲ ಇಪ್ಪತ್ತರ ಹರೆಯದ ದುರಾಸೆ. ಎಲ್ಲ ತಿಳಿದ ಮೇಲೂ ಗುಡಿಯ ಮುಂದೆ ಕುಳಿತು ಇನ್ನೂ ಮೂವತ್ತು ವರ್ಷ "ನಂಬಿ ಸುಮ್ನಿರಪ್ಪ" ಎಂದು ಊರಿಗೆಲ್ಲ ಹಂಚಿದೆನಲ್ಲ, ಅದಕ್ಕೆ ವಯಸ್ಸಿನ ನೆಪವಿಲ್ಲ. ನಮ್ಮ ಮನೆತನದಲ್ಲಿ ದೇವರನ್ನು ನಂಬಿದವರು ಯಾರೆಂದು ಕೇಳಿದರೆ ಊರು ಪೂಜಾರಿಯಾದ ನನ್ನನ್ನು ತೋರಿಸುತ್ತಿತ್ತು, ನಾನು ತಲೆ ತಗ್ಗಿಸಿ ಆ ಮಾತನ್ನು ಸ್ವೀಕರಿಸುತ್ತಿದ್ದೆ. ಇಡೀ ಬದುಕನ್ನು ಒಂದು ಹನಿ ನೀರಿಗೆ ಅಂಟಿಸಿ, ಯಾವ ಕಡೆ ಬಿದ್ದರೂ ಹೋಗುತ್ತೇನೆಂದು ಹೊರಗೆ ಬಂದು ಅರ್ಧ ಉಳಿದಿದ್ದ ರಂಗೋಲಿಯನ್ನು ಮುಗಿಸಿದ ಹದಿನೆಂಟರ ಹುಡುಗಿ ಯಾರ ಕಣ್ಣಿಗೂ ಬೀಳಲಿಲ್ಲ. ಅವಳ ಹೆಸರನ್ನು ನಾನೂ ಯಾರಿಗೂ ಹೇಳಲಿಲ್ಲ. ಕಳೆದ ವರ್ಷ ಅವಳು ಹೋದಳು. ಹೇಳಬಹುದಾಗಿದ್ದಷ್ಟು ದಿನವೂ ಅವಳೆದುರಿಗೆ ಹೇಳದೆ, ಈಗ ನಿಮಗೆ ಹೇಳುತ್ತಿದ್ದೇನೆ. ಪಶ್ಚಾತ್ತಾಪದಲ್ಲೂ ನನ್ನದು ಎರಡನೆಯ ಪ್ರಯತ್ನದ ಪಾಸೇ.

ಇದನ್ನು ಬರೆಯುತ್ತಿರುವಾಗಲೇ ಪಟದ ಹೂವು ಬಿತ್ತು. ಒಳಗಿನಿಂದ ಸೊಸೆ ಕೂಗಿದಳು, "ಮಾವ, ಯಾವ ಕಡೆ ಬಿತ್ತು?" ಬಾಯಿಗೆ ಬಂದಿದ್ದ ಉತ್ತರವನ್ನು ನುಂಗಿಕೊಂಡು, ಮೊಣಕಾಲು ಹಿಡಿದುಕೊಂಡು ಎದ್ದು, ಮೊದಲ ಸಲ ಹತ್ತಿರ ಹೋಗಿ ನೋಡಿದೆ.

"ಎಡಗಡೆ ಕಣಮ್ಮ."

ಒಗ್ಗರಣೆಯ ಸೌಟು ಒಂದು ಗಳಿಗೆ ನಿಂತಿತು. "ಹೌದಾ? ಸರಿಯಾಗಿ ನೋಡಿದ್ರಾ ಮಾವ?"

"ಸರಿಯಾಗಿ ನೋಡ್ದೆ" ಎಂದೆ.

ಈ ದಿನ ಎರಡನೆಯ ಲೋಟ ಕಾಫಿ ಬರಲಿಲ್ಲ.