ಗೆಣ್ಣು ದಾಟುವಾಗಿನ ಮಾತು

ಚಿತ್ತಾಪುರದ ನಮ್ಮ ಓಣಿಗೆ ಬಳೆಗಾರ್ತಿ ಜೈತುನ್ಬೀ ಬರುವುದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು, ಕಣ್ಣಿಗೆ ಆಮೇಲೆ. ಹೆಗಲ ಹಗ್ಗಕ್ಕೆ ಪೋಣಿಸಿದ ಬಳೆಗಳ ಸದ್ದಿಗಿಂತ ಆಕೆಯ ಬಾಯಿಯ ಸದ್ದು ಒಂದು ಮನೆ ಮುಂದೆಯೇ ಇರುತ್ತಿತ್ತು. ದೇವರು ಮಾತು ಹಂಚುವಾಗ ಗಂಡ ಮಶಾಕನ ಪಾಲನ್ನೂ ಆಕೆಯೇ ಇಸಿದುಕೊಂಡು ಬಂದಿರಬೇಕು. ಮಶಾಕ ವಾಡಿ ಕಡೆಯ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುವವನು. ಕಲ್ಲಿನ ಸಹವಾಸಕ್ಕೆ ತಕ್ಕಂತೆ ಮಾತಿಲ್ಲದ ಮನುಷ್ಯ.

ಆದರೆ ಜೈತುನ್ಬೀಗೆ ಮಾತು ಬರೀ ಚಟವಲ್ಲ, ಕಸುಬಿನ ಭಾಗ. ಗಾಜಿನ ಬಳೆ ಕೈಗೆಣ್ಣು ದಾಟುವಾಗ ನೋಯುತ್ತದೆ. ತೊಡುವವಳು ಕೈ ಬಿಗಿ ಮಾಡಿದರೆ ಬಳೆ ಚಟ್ಟೆಂದು ಹೋಗುತ್ತದೆ. ಜೈತುನ್ಬೀ ಕೈಯನ್ನು ಹಿಟ್ಟಿನಂತೆ ನಾದುತ್ತ ಊರ ಸುದ್ದಿಯೆಲ್ಲ ಹೇಳುವಳು, ಬಳೆ ಗೆಣ್ಣಿಗೆ ಬಂದೊಡನೆ, "ತವರಮನಿ ಕಡಿ ಏನು ಸುದ್ದಿ, ಯವ್ವಾ?" ಎನ್ನುವಳು. ತವರೆಂದರೆ ಯಾರ ಕೈ ಮೆತ್ತಗಾಗುವುದಿಲ್ಲ? ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಬಳೆ ಮಣಿಕಟ್ಟಿನಲ್ಲಿ ಇರುತ್ತಿತ್ತು.

ಬಳೆ ತೊಟ್ಟ ಮೇಲೆ ತೊಡಿಸಿದವಳಿಗೆ ಕೈಮುಗಿಯಬೇಕು, ಅದು ಪದ್ಧತಿ. ಮಾಸ್ತರ ಪ್ರಾಣೇಶರಾಯರ ಹೆಂಡತಿ ಅನಸೂಯಾಬಾಯಿ ಮಡಿಯಲ್ಲಿ ಬಹಳ ಕಟ್ಟುನಿಟ್ಟು. ಕಟ್ಟೆಯ ಮೇಲೆ ಕುಳಿತು ಬಳೆ ತೊಡುವರು, ಭಕ್ತಿಯಿಂದ ಕೈಮುಗಿಯುವರು, ನೇರ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುವರು. ಜೈತುನ್ಬೀ ಪ್ರತಿ ಸಲ ಹೇಳುವ ಮಾತೊಂದಿತ್ತು: "ನೋಡ್ರಿ ಬಾಯಾರ, ನಿಮ್ಮ ದೇವ್ರಿಗಿ ಮದ್ಲ ಸ್ನಾನ, ಆಮ್ಯಾಲ ಕೈ ಮುಗಿಯೂದು. ನನಗ ಮದ್ಲ ಕೈ ಮುಗಿಯೂದು, ಆಮ್ಯಾಲ ಸ್ನಾನ. ಮರ್ಯಾದಿ ಎರಡೂ ಕಡಿ ಅದ, ನೀರು ಅಷ್ಟೇ ಹಿಂದ ಮುಂದ ಆಗ್ಯಾದ." ಅನಸೂಯಾಬಾಯಿಗೂ ನಗು ಬರುತ್ತಿತ್ತು. ಬಚ್ಚಲಿನ ಬಾಗಿಲು ಹಾಕಿಕೊಂಡು ನಗುವರು.

ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಮೈಸೂರಿಗೆ ಸೇರಿದ ಮರುಬೇಸಿಗೆಯಲ್ಲಿ ಫ್ಲೂ ಬಂತು. ದೇಶದೇಶ ಸುತ್ತಿ ಹಡಗಿನಲ್ಲಿ ಬಂದಿದೆ ಎಂದರು. ನಮ್ಮೂರಿಗೆ ಎಲ್ಲರಂತೆ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಬಂದಿರಬೇಕು. ಗಣಿಯ ಮಂದಿಯೆಲ್ಲ ಹಾಸಿಗೆ ಹಿಡಿದರು, ಕಲ್ಲು ಹೇರುವ ಗಾಡಿಗಳು ಖಾಲಿ ನಿಂತವು. ಕೂಲಿ ನಿಂತಿತು, ಸಂತೆ ಬಣಗುಟ್ಟಿತು, ಮದುವೆಗಳು ಮುಂದಕ್ಕೆ ಹೋದವು. ಜೋಳ ತರುವುದೇ ಕಷ್ಟವಾದಾಗ ಬಳೆ ಯಾರು ಕೊಂಡಾರು?

ಆದರೂ ಅನಸೂಯಾಬಾಯಿ, ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದ ಮಗಳು ನರ್ಮದಾಳ ಸೀಮಂತದ ಕುಬಸ ನಿಲ್ಲಿಸಲಿಲ್ಲ. ಮಾಸ್ತರು ಕಾಣಲಿಲ್ಲವಲ್ಲ ಎಂದು ಕೇಳಿದವರಿಗೆ ಸೇಡಂಗೆ ಹೋಗಿದ್ದಾರೆ ಎಂದರು. ಜೈತುನ್ಬೀ ನರ್ಮದಾಳ ಎರಡೂ ಕೈ ತುಂಬ ಹಸಿರು ಬಳೆ ಏರಿಸಿದಳು. ಅದಾದ ಕೆಲವೇ ದಿನಗಳಲ್ಲಿ ನರ್ಮದಾಗೆ ಜ್ವರ, ಅದರ ಬೆನ್ನಿಗೇ ಜೈತುನ್ಬೀಗೂ. ಇಬ್ಬರೂ ಚೇತರಿಸಿಕೊಂಡರು. ನರ್ಮದಾ ಎದ್ದು ಉಪ್ಪಿನಕಾಯಿ ಕೇಳಿದಳು. ಜೈತುನ್ಬೀ ಎದ್ದು ಗೋಡೆ ನೋಡುತ್ತ ಕುಳಿತಳು.

ಒಂದು ಬೆಳಿಗ್ಗೆ ಮಶಾಕ ಬಂದು ಅನಸೂಯಾಬಾಯಿಯ ಕಟ್ಟೆಯ ಮುಂದೆ ನಿಂತ. ನಾನೂ ಹೂಬತ್ತಿ ಹೊಸೆಯುತ್ತ ಅಲ್ಲೇ ಕುಳಿತಿದ್ದೆ.

"ಏನೋ ಮಶಾಕ?"

"ಮಾತಾಡವಲ್ಲಳ್ರಿ."

"ಯಾರು?"

"ಆಕಿ."

"ಜೈತುನ್ಬೀ ಮಾತಾಡವಲ್ಲಳಾ?" ಅನಸೂಯಾಬಾಯಿಯ ಕೈಯ ಬತ್ತಿ ಜಾರಿತು. "ಯಾಕೋ?"

"ತನ್ನ ಕೈಯಾಗೇ ಈ ಜ್ವರದ ಜಡ್ಡು ಅದ ಅಂತಾಳ್ರಿ. ಮನಿಮನಿಗಿ ನಾನೇ ಹಚ್ಚೀನಿ, ಬಾಯಾರ ಬಸುರಿ ಮಗಳಿಗೂ ನಾನೇ ಹಚ್ಚೀನಿ ಅಂತ. ಹಿಟ್ಟು ಮುಟ್ಟಂಗಿಲ್ಲ. ರೊಟ್ಟಿ ನಾನೇ ಬಡೀಲಿಕತ್ತೀನಿ."

"ನಿನಗ ರೊಟ್ಟಿ ಬರ್ತಾವೇನು?"

"ಫರಸಿ ಆಗ್ತಾವ್ರಿ." ಆಮೇಲೆ ಅಂದ: "ನಾಳಿ ಶಹಾಬಾದದ ಬಳಿ ಅಂಗಡ್ಯಾಂವ ಬರ್ತಾನ. ಬಳಿ ಎಲ್ಲಾ ಅವಂಗ ಕೊಟ್ಟು, ಇನ್ನ ಯಾರ ಕೈನೂ ಹಿಡ್ಯಂಗಿಲ್ಲ ಅಂತಾಳ."

ಮಶಾಕ ಅಷ್ಟು ಮಾತಾಡಿದ್ದರಿಂದಲೇ ಸಂಕಟ ಎಷ್ಟು ದೊಡ್ಡದೆಂದು ನಮಗೆ ತಿಳಿಯಿತು.

ಅನಸೂಯಾಬಾಯಿ ಎದ್ದು ಒಳಗೆ ಹೋದರು. ಬೀಸುಕಲ್ಲಿನ ಹತ್ತಿರ ಚಟಚಟ ಸದ್ದಾಯಿತು. ಬಳೆ ಒಡೆಯಿತು ಎಂಬ ಮಾತನ್ನು ಕೂಡ ಬಾಯಿಂದ ಆಡದಿದ್ದ ಆ ಮಡಿಹೆಂಗಸು ಎರಡೂ ಕೈಗೆ ಬಳೆಯ ಬದಲು ಅರಿಷಿಣದ ದಾರ ಕಟ್ಟಿಕೊಂಡು ಹೊರಗೆ ಬಂದರು.

"ಹೋಗಿ ಹೇಳು. ಬಾಯಾರ ಕೈ ಬರಿದಾಗ್ಯಾವ ಅಂತ."

ಮುತ್ತೈದೆಯ ಬರಿಗೈ ಗೊತ್ತಿದ್ದೂ ದೀಪ ಹಚ್ಚುವತನಕ ಬಿಟ್ಟರೆ ಬಳೆಗಾರ್ತಿಗೆ ಪಾಪ ಎಂಬುದು ಜೈತುನ್ಬೀ ತನ್ನ ತಾಯಿಯಿಂದ ಕಲಿತ ನೇಮ. ಮಳೆಯಿರಲಿ, ರೋಜಾ ಇರಲಿ, ಆಕೆ ಅದನ್ನು ತಪ್ಪಿಸಿದವಳಲ್ಲ.

ಪ್ರಾಣೇಶರಾಯರು ಹೊರಗೆ ಬಂದು ಹೆಂಡತಿಯ ಕೈ ನೋಡಿ ಗಾಬರಿಯಾದರು. "ಇದೇನಿದು? ನಾ ಇನ್ನೂ ಇದ್ದೀನಲ್ಲ!"

"ಇದ್ದೀರಿ. ಒಳಗ ಹೋಗ್ರಿ."

ಈ ಸುದ್ದಿ ಪಕ್ಕದ ಮನೆಯ ಗುರಮ್ಮನಿಗೆ ಮುಟ್ಟಿತು. ಬಾಯಾರೊಬ್ಬರ ಕೈಗೆ ತೊಡಿಸಿ ಜೈತುನ್ಬೀ ಹಾಗೇ ಹಿಂದಿರುಗಿದರೆ ಏನು ಗತಿ ಎಂದು ಆಕೆಯೂ ಕೈಯನ್ನು ಒರಳಿಗೆ ತಾಗಿಸಿಕೊಂಡಳು.

ಹೊತ್ತು ಇಳಿಯುವಾಗ ಜೈತುನ್ಬೀ ಬಂದಳು. ಬಳೆಯ ಸದ್ದು ಮಾತ್ರ ಬಂತು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರವೇ ನಿಂತಳು.

"ಹಗ್ಗ ಇಲ್ಲಿ ಇಡ್ತೀನ್ರಿ ಬಾಯಾರ. ನೀವೇ ಏರಿಸ್ಕೋರಿ."

"ನನಗ ಅದು ಬಂದಿದ್ರ ನೀ ಯಾಕ ಬೇಕಾಗಿದ್ದಿ? ಕುಂದ್ರು."

ತಂಬಿಗೆಯ ನೀರು ಮುಗಿಯುವವರೆಗೆ ಆಕೆ ಕೈ ತೊಳೆದುಕೊಂಡಳು. ಆಮೇಲೆ ಕಟ್ಟೆಯ ಅಂಚಿಗೆ ಕುಳಿತು, ಕೆಂಡ ಮುಟ್ಟುವವಳಂತೆ ಅನಸೂಯಾಬಾಯಿಯ ಕೈ ಹಿಡಿದಳು. ಸುದ್ದಿಯಿಲ್ಲ, ಹಾಸ್ಯವಿಲ್ಲ. ಮೊದಲ ಬಳೆ ಗೆಣ್ಣಿನ ಮೇಲೆ ಚೂರಾಯಿತು. ಎರಡನೆಯದು ಅಲ್ಲೇ ಸಿಕ್ಕಿಕೊಂಡಿತು.

ಆಗ ಅನಸೂಯಾಬಾಯಿ ಮೆಲ್ಲಗೆ ಕೇಳಿದರು: "ತವರಮನಿ ಕಡಿ ಏನು ಸುದ್ದಿ, ಜೈತುನ್ಬೀ?"

ಜೈತುನ್ಬೀ ತಲೆ ಎತ್ತಿದಳು. ಇಷ್ಟು ವರ್ಷ ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ.

"ಕೊಡ್ಲಿ ಊರಾಗ ನಮ್ಮವ್ವಗೂ ಜ್ವರ ಅಂತ್ರಿ," ಎಂದಳು. ಆಮೇಲೆ ಮಾತು ತಡೆಯಲಿಲ್ಲ, ಕಣ್ಣೀರೂ ತಡೆಯಲಿಲ್ಲ. "ನೋಡ್ಲಿಕ್ಕಿ ಹೋಗ್ಬೇಕಂದ್ರ ಈ ಕೈ ತಗೊಂಡು ಹ್ಯಾಂಗ ಹೋಗ್ಲಿ? ನರ್ಮದಾಬಾಯಿಗಿ ಹಚ್ಚಿದ್ದು ಇದೇ ಕೈ. ಹೊಟ್ಟ್ಯಾಗಿನ ಕೂಸಿಗಿ ಏನರೆ ಆಗಿದ್ರ? ರಾತ್ರಿ ಕಣ್ಣು ಮುಚ್ಚಿದ್ರ ಹಸರ ಬಳಿನೇ ಕಾಣ್ತಾವ್ರಿ."

ಅನಸೂಯಾಬಾಯಿ ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಆ ದಿನ ಇವ್ರು ಸೇಡಂಗ ಹೋಗಿದ್ದಿಲ್ಲ ನೋಡವ್ವಾ. ಜ್ವರ ಬಂದು ಒಳಗ ಕಂಬಳಿ ಹೊತ್ಕೊಂಡು ಮಲಗಿದ್ರು. ಕುಬಸ ನಿಂತೀತಂತ ನಾನೇ ಮುಚ್ಚಿಟ್ಟೆ. ನರ್ಮದಾಗ ಹಚ್ಚಿದವ್ರು ಅವ್ರು. ಆಕಿ ಕೈ ಹಿಡ್ಕೊಂಡು ಕುಂತು ನೀ ಜಡ್ಡು ತಗೊಂಡು ಹೋದಿ."

ಜೈತುನ್ಬೀ ಬಾಯಾರ ಮುಖ ನೋಡಿದಳು.

"ಅಂದ್ರ... ಜಡ್ಡು ನಿಮ್ಮ ಮಡಿ ಮನ್ಯಾಗಿಂದೇ ನನಗ ಹತ್ತೇದ?"

"ಹೂಂ."

"ಯಾ ಅಲ್ಲಾ! ಅಂದ್ರ ಆ ದಿನ ಸ್ನಾನ ಮಾಡ್ಬೇಕಾದಾಕಿ ನಾನು!"

ಒಳಗಿನಿಂದ ಪ್ರಾಣೇಶರಾಯರ ಕೆಮ್ಮು ಕೇಳಿತು. ಅನಸೂಯಾಬಾಯಿ ಈ ಸಲ ಬಾಗಿಲು ಹಾಕಿಕೊಳ್ಳದೆ ಬಯಲಿನಲ್ಲೇ ನಕ್ಕರು. ಬಳೆ ಅದಾಗಲೇ ಗೆಣ್ಣು ದಾಟಿತ್ತು; ಯಾವಾಗ ದಾಟಿತೋ ನಾನೂ ಕಾಣಲಿಲ್ಲ.

ಅಷ್ಟರಲ್ಲಿ ಗುರಮ್ಮ ತನ್ನ ದಾರ ಕಟ್ಟಿದ ಕೈ ಮುಂದೆ ಮಾಡಿಕೊಂಡು ಬಂದಳು. ಜೈತುನ್ಬೀ ಆ ಕೈ ನೋಡಿದಳು, ಈ ಕೈ ನೋಡಿದಳು. "ಮಂದಿಗಿ ಬಂದಿದ್ದು ಸಾಲದಂತ ನಿಮ್ಮ ಓಣ್ಯಾಗ ಬಳಿಗೂ ಫ್ಲೂ ಬಂತೇನ್ರವ್ವಾ?" ಎಂದಳು. ಆಮೇಲೆ ದೀಪ ಹಚ್ಚುವವರೆಗೆ ಆ ಬಾಯಿ ನಿಲ್ಲಲಿಲ್ಲ.

ಶಹಾಬಾದದವನು ಮರುದಿನ ಬರಿಗೈಯಲ್ಲಿ ಹೋದ. ಜೈತುನ್ಬೀ ಬಳೆ ಹೊತ್ತುಕೊಂಡೇ ಕೊಡ್ಲಿಗೆ ಹೋಗಿಬಂದಳು. ತಾಯಿ ಜ್ವರದಿಂದ ಎದ್ದಿದ್ದಳಂತೆ, ಮಗಳ ಮಾತಿಗೆ ಮತ್ತೆ ಮಲಗಿದಳಂತೆ. ಗಣಿ ಶುರುವಾಗಲು ಮಳೆಗಾಲ ಕಳೆಯಬೇಕಾಯಿತು. ಅಲ್ಲಿಯವರೆಗೆ ಒಮ್ಮೊಮ್ಮೆ ಆಕೆ ಸುಮ್ಮನಾಗಿ ತನ್ನ ಅಂಗೈ ನೋಡಿಕೊಳ್ಳುವುದಿತ್ತು. ಆಗ ನಮ್ಮಲ್ಲಿ ಯಾರಾದರೂ ಕೊಡ್ಲಿಯ ಸುದ್ದಿ ಕೇಳುತ್ತಿದ್ದೆವು. ಒಮ್ಮೆ ಕೇಳಿದರೆ ಮಧ್ಯಾಹ್ನವೇ ಮುಗಿಯುತ್ತಿತ್ತು ಎನ್ನುವುದು ಬೇರೆ ಮಾತು.

ಅನಸೂಯಾಬಾಯಿ ಮಡಿ ಬಿಡಲಿಲ್ಲ. ಬಳೆ ತೊಟ್ಟು, ಕೈಮುಗಿದು, ಬಚ್ಚಲಿಗೆ ಏಳುವರು. ಅವರು ಎದ್ದೊಡನೆ ಜೈತುನ್ಬೀಯೂ ತಂಬಿಗೆ ಕೇಳಿ, ಓಣಿಗೆಲ್ಲ ಕೇಳುವಂತೆ ಸದ್ದು ಮಾಡಿ ಕೈಕಾಲು ತೊಳೆಯುವಳು.

"ನಮಗೂ ಮಡಿ ಅದ್ರಿ ಬಾಯಾರ. ನಿಮ್ಮ ಮನಿ ಜಡ್ಡು ಒಮ್ಮಿ ನೋಡೀನಿ."