ಹುಸೇನಬೀ ಖಾಲಾ ಬಿಟ್ಟುಹೋದ ಖೋಲಿ

ಬಾಡಿಗೆ ಮನೆಗೆ ಕರಾರುಪತ್ರ ಎಂಬುದೊಂದು ಇರುತ್ತದೆಂದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರದಿದ್ದ ಕಾಲ ಅದು. ಮಾಲಕರು ‘ಇರ್ರಿ’ ಅಂದರೆ ಇರುವುದು, ‘ಬಿಡ್ರಿ’ ಅಂದರೆ ಬಿಡುವುದು. ಕಲಬುರಗಿಯ ಶರಣಬಸವೇಶ್ವರ ಗುಡಿಯಿಂದ ಐದು ನಿಮಿಷದ ದಾರಿ. ಒಂದು ಬೇವಿನ ಮರ, ಒಂದು ನಳ, ಸುತ್ತ ನಾಲ್ಕು ಖೋಲಿ, ಖೋಲಿಗೊಂದು ಸಂಸಾರ. ಅಂಥ ಅಂಗಳದಲ್ಲಿ ನಾನು ಬೆಳೆದದ್ದು. ಬೇಸಿಗೆಯ ಮಧ್ಯಾಹ್ನ ಶಹಾಬಾದಿ ಕಲ್ಲಿನ ಫರಸಿಗೆ ನೀರು ಚಿಮುಕಿಸಿ, ಅದಕ್ಕೆ ಕೆನ್ನೆ ಹಚ್ಚಿ ಮಲಗುತ್ತಿದ್ದೆವು. ಬೇವಿನ ಹೂವು ಉದುರಿ ಕೂದಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇಂಥ ಅಂಗಳದಲ್ಲಿ ಬೆಳೆದವರಿಗೆ ಆ ವಾಸನೆ ಬೇರೆ ಹೇಳಬೇಕಾಗಿಲ್ಲ.

ಮುಂದೆ ನಾನು ನಾಟಕದವಳಾದೆ. ಈಗ ಬಾಡಿಗೆದಾರರ ಪರವಾಗಿ ಕಚೇರಿ, ಕೋರ್ಟು ಅಂತ ಅಲೆಯುವವಳು. ರಂಗಭೂಮಿ ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಮೊಣಕಾಲು ನೋವು ಎನ್ನುತ್ತೇನೆ. ಅದು ಸುಳ್ಳು. ನಿಜ ಹೇಳಬೇಕೆಂದರೆ ನನ್ನ ಹತ್ತನೆಯ ವಯಸ್ಸಿನ ಆ ಬೇಸಿಗೆಗೇ ಹೋಗಬೇಕು.

ಅಪ್ಪ ಪೇಟಿ ಮಾಸ್ತರ್. ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಊರೂರಿಗೆ ಹೋಗಿ, ರೈತರಿಗೆ ಮಾತು, ಹಾಡು, ಕುಣಿತ ಕಲಿಸಿ, ನಾಟಕ ಆಡಿಸಿ ಬರುತ್ತಿದ್ದರು. ಆ ವರ್ಷ ಕಮಲಾಪುರದಲ್ಲಿ ನಾಟಕ. ರಾಜನೊಬ್ಬ ಚಾಡಿಮಾತು ಕೇಳಿ ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ಆಕಾಶದಿಂದ ಒಂದು ಧ್ವನಿ ಬಂದು, ‘ಅವಳನ್ನು ಮನೆಗೆ ಕರೆದುಕೊಂಡು ಬಾ’ ಎನ್ನುತ್ತದೆ. ಊರವರೆಲ್ಲ ವೇಷ ಹಾಕಿದ್ದರು, ಅಪ್ಪ ಪೇಟಿ ಬಿಟ್ಟು ಏಳುವಂತಿಲ್ಲ. ಹಾಗಾಗಿ ಆಕಾಶವಾಣಿ ನನ್ನ ಪಾಲಿಗೆ ಬಂತು. ಅದನ್ನು ನುಡಿಯುವ ಉಪಾಯವನ್ನು ಅಪ್ಪ ಹೇಳಿಕೊಟ್ಟರು. ಖಾಲಿ ಗಡಿಗೆಯ ಬಾಯಿಗೆ ಬಾಯಿ ಇಟ್ಟು ಎದೆಯಿಂದ ಮಾತಾಡಬೇಕು. ಹತ್ತು ವರ್ಷದ ಹುಡುಗಿಯ ಧ್ವನಿ ಅದರೊಳಗೆ ಸುತ್ತಿ ಗಂಡಸಿನ ಧ್ವನಿಯಾಗಿ ಹೊರಗೆ ಬೀಳುತ್ತಿತ್ತು.

“ಬಾಯಿಪಾಠ ಗಿಳೀನೂ ಮಾಡ್ತದ,” ಎಂದಿದ್ದರು ಅಪ್ಪ. “ಕೇಳಿದವ್ರು ಖರೇ ಅಂತ ನಂಬಿ ಎದ್ದು ನಿಂದರಬೇಕು. ಅಂದ್ರ ನಿನಗ ಬಂತು ಅಂತ ತಿಳಿ.”

ನಂಬಿಸಿ ನೋಡಲು ಯಾರಾದರೂ ಬೇಕಿತ್ತು.

ನಮ್ಮ ಪಕ್ಕದ ಖೋಲಿಯಲ್ಲಿ ಹುಸೇನಬೀ ಇದ್ದಳು. ಚಿಕ್ಕಮ್ಮ ಎನ್ನುವಂತೆ ನಾವು ಮಕ್ಕಳು ಅವಳನ್ನು ಖಾಲಾ ಎನ್ನುತ್ತಿದ್ದೆವು. ಗಂಡ ತೀರಿದ ಒಂಟಿ ಹೆಂಗಸು, ತನ್ನವರೆಂದರೆ ಕಮಲಾಪುರದಲ್ಲಿದ್ದ ಒಬ್ಬ ತಂಗಿ. ಹೊಲಿಗೆ ಮಷೀನು ತುಳಿದು ಜೀವನ. ಅಪ್ಪನ ರಾಜರ ಅಂಗಿಗಳಿಗೆ ಜರಿ ಹಚ್ಚಿಕೊಡುತ್ತಿದ್ದವಳೂ ಅವಳೇ. ಅವ್ವನ ರೊಟ್ಟಿ ಅತ್ತ ಹೋಗುತ್ತಿತ್ತು, ಅವಳ ಮಲೀದಾ ಇತ್ತ ಬರುತ್ತಿತ್ತು. ತುಪ್ಪ ಬೆಲ್ಲ ಹಾಕಿ ರೊಟ್ಟಿ ಪುಡಿ ಮಾಡಿದ ಆ ಉಂಡೆಗಾಗಿ ನಾನು ಅವಳ ಮಷೀನಿನ ಕೆಳಗೇ ಬಿದ್ದಿರುತ್ತಿದ್ದೆ.

ಮಾಲಕರಾದ ಬಸಣ್ಣ ಸಾಹುಕಾರ್ರಿಗೆ ಒಂದು ಕಟ್ಟು ಇತ್ತು. ಹೆಂಗಸರ ಖೋಲಿಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಖಾಲಾಳ ಬಾಗಿಲಿಗಂತೂ ಗೋಣಿತಟ್ಟಿನ ಪರದೆ. ಅವರು ಹೊರಗೆ ಬೇವಿನ ಮರದ ಕಡೆ ಮುಖ ಮಾಡಿ ನಿಂತು, ಎರಡು ಸಲ ಕೆಮ್ಮಿ, ಬಡಿಗೆಯಿಂದ ಫರಸಿ ಕುಟ್ಟಿ, “ಬೀಬೀ, ಅದೀರೇನ್ರಿ?” ಎನ್ನುತ್ತಿದ್ದರು. ಅವಳು ಒಳಗಿನಿಂದಲೇ “ಜೀ ಸಾಹುಕಾರ್” ಎನ್ನುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಒಬ್ಬರ ಮಾತಿನ ಮೇಲೆ ಒಬ್ಬರಿಗೆ ಸಂಶಯವೂ ಇರಲಿಲ್ಲ.

ಒಂದು ಮಧ್ಯಾಹ್ನ ಅಂಗಳವೆಲ್ಲ ಮಲಗಿತ್ತು. ಗಡಿಗೆ ಹಿಡಿದುಕೊಂಡು ಖಾಲಾಳ ಬಾಗಿಲಿಗೆ ಹೋದೆ. ಎರಡು ಸಲ ಕೆಮ್ಮಿದೆ. ಅಪ್ಪನ ಛತ್ರಿಯಿಂದ ಫರಸಿ ಕುಟ್ಟಿದೆ.

“ಬೀಬೀ, ಅದೀರೇನ್ರಿ?”

ಮಷೀನು ನಿಂತಿತು. “ಜೀ ಸಾಹುಕಾರ್.”

ಮುಂದೇನು ಹೇಳುವುದೆಂದು ಯೋಚಿಸಿರಲಿಲ್ಲ. ದೊಡ್ಡವರು ಯಾವ ಮಾತಿಗೆ ಹೆದರುತ್ತಾರೋ ಆ ಮಾತು ತಾನಾಗಿ ಬಾಯಿಗೆ ಬಂತು. “ಬರೋ ಶುಕ್ರವಾರ, ನಿಮ್ಮ ಜುಮ್ಮಾದೊಳಗ ಖೋಲಿ ಖಾಲಿ ಮಾಡ್ರಿ.”

ಪರದೆ ಸರಿಸಿ ನುಗ್ಗಿ ನಗಬೇಕೆಂದಿದ್ದೆ. ಒಳಗಿನಿಂದ ಅವಳು ಕೂತಲ್ಲಿಂದ ಎದ್ದ ಸಪ್ಪಳ ಕೇಳಿಸಿತು. ಆಮೇಲೆ, ಬಹಳ ಸಣ್ಣ ಧ್ವನಿ: “ಅಚ್ಛಾ ರೀ ಸಾಹುಕಾರ್.”

ಎದ್ದು ನಿಂತಿದ್ದಳು! ಅಪ್ಪ ಹೇಳಿದ ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೆ. ಆ ಗಳಿಗೆ ನನಗಾದದ್ದು ಹೆದರಿಕೆಯಲ್ಲ, ಸಂತೋಷ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಹೆದರಿಕೆ ಆಮೇಲೆ ಬಂತು. ಗಡಿಗೆ ಅವುಚಿಕೊಂಡು ಓಡಿದೆ.

ಮರುದಿನ ಬೆಳಿಗ್ಗೆ ಅಪ್ಪನೂ ನಾನೂ ಕಮಲಾಪುರಕ್ಕೆ ಹೊರಟಾಗ ಖಾಲಾ ಜರಿಯ ಅಂಗಿ ತಂದುಕೊಟ್ಟಳು. ಕಣ್ಣು ಊದಿದ್ದವು. ನನ್ನ ಕೈಗೆ ಒಂದು ಪುಡಿಕೆ ಇಟ್ಟು, “ಮಲೀದಾ ಅದ ಬೇಟಿ, ಬಸ್ಸಿನ್ಯಾಗ ತಿನ್ನು,” ಎಂದಳು. ಅಪ್ಪನ ಕಡೆ ತಿರುಗಿ, “ಮಾಸ್ತರ್, ಇನ್ ಮ್ಯಾಲ ಜರಿ ಬ್ಯಾರೆ ಕಡಿ ಹಚ್ಚಿಸ್ರಿ,” ಎಂದಳು. ಅಪ್ಪ ಬಸ್ಸಿನ ಅವಸರದಲ್ಲಿ ತಲೆಯಾಡಿಸಿದರು. ಬಂದ ಮೇಲೆ ಹೇಳಿದರಾಯಿತು ಎಂದು ನಾನು ನನಗೇ ಹೇಳಿಕೊಂಡೆ.

ಕಮಲಾಪುರದಲ್ಲಿ ಮೂರು ದಿನ ತಾಲೀಮು. ನಾಲ್ಕನೆಯ ದಿನ ಸಂತೆ, ಅವತ್ತೇ ಸಂಜೆ ನಾಟಕ. ರಾಜನ ಪಾರ್ಟಿನ ಗೌಡರು ನನಗೆ ಕೆಂಪು ಬಾಳೆಹಣ್ಣು ಕೊಡಿಸಿದ್ದರು. ಸಿಪ್ಪೆ ಸುಲಿಯುತ್ತ ನಿಂತಿದ್ದೆ. ಕಲಬುರಗಿಯ ಬಸ್ಸು ಬಂದು ನಿಂತಿತು. ಹುಸೇನಬೀ ಖಾಲಾ ಇಳಿದಳು. ಮೊದಲು ಒಂದು ಟ್ರಂಕು, ಆಮೇಲೆ ಕೌದಿಯಲ್ಲಿ ಸುತ್ತಿದ ಗಂಟು. ಕಂಡಕ್ಟರ್ ಮೇಲಿನಿಂದ ಮಷೀನು ಇಳಿಸಿಕೊಟ್ಟ. ಅವಳು ಬುರ್ಖಾದ ಮುಸುಕು ಎತ್ತಿ ದಾರಿ ಯಾವ ಕಡೆ ಎಂದು ಅತ್ತಿತ್ತ ನೋಡಿದಳು.

ಹತ್ತು ಹೆಜ್ಜೆ ದೂರ. ಓಡಿಹೋಗಿ, ‘ಖಾಲಾ, ಅದು ನಾನು’ ಎಂದಿದ್ದರೆ ಎರಡು ಏಟು ಹಾಕಿ ಅದೇ ಬಸ್ಸಿಗೆ ಹಿಂತಿರುಗುತ್ತಿದ್ದಳು. ಆದರೆ ಅಪ್ಪನಿಗೆ ತಿಳಿಯುತ್ತಿತ್ತು. ಸಂಜೆಯ ಪಾರ್ಟು ನನ್ನ ಕೈತಪ್ಪುತ್ತಿತ್ತು. ನಾನು ಬಾಳೆಗೊನೆಗಳ ಹಿಂದೆ ಕೂತುಬಿಟ್ಟೆ. ಅವಳು ಒಬ್ಬ ಹಮಾಲನ ಹಿಂದೆ ನಡೆದುಹೋಗುವವರೆಗೆ ಏಳಲಿಲ್ಲ.

ಅವತ್ತು ಆಕಾಶವಾಣಿ ಬಹಳ ಚೆನ್ನಾಗಿ ಬಂತು. ಮುಂದೆ ಕೂತ ಮುದುಕಿಯರು ಕೈ ಮುಗಿದರಂತೆ.

ಊರಿಗೆ ಬಂದಾಗ ಪಕ್ಕದ ಬಾಗಿಲಿಗೆ ಪರದೆ ಇರಲಿಲ್ಲ. ಅವ್ವ ಅಪ್ಪನಿಗೆ ಹೇಳುತ್ತಿದ್ದಳು: “ಸಾಹುಕಾರ್ರು ಬಿಡ್ರಿ ಅಂದಾರಂತ. ಯಾಕಂತ ಕೇಳು ಅಂದೆ. ‘ಅವರ ಮನಿ, ಅವರ ಮರ್ಜಿ’ ಅಂದ್ಳು.”

“ನೀನರೆ ಕೇಳಬೇಕಿತ್ತಿಲ್ಲ?”

“ಕೇಳಿ, ನಮ್ಮನ್ನೂ ಬಿಡ್ರಿ ಅಂದಿದ್ರ?”

ವಾರದ ಮೇಲೆ ಸಾಹುಕಾರ್ರು ಬಂದರು. ಬೇವಿನ ಮರದ ಕಡೆ ಮುಖ ಮಾಡಿ ನಿಂತು, ಎರಡು ಸಲ ಕೆಮ್ಮಿ, ಬಡಿಗೆ ಕುಟ್ಟಿದರು. “ಬೀಬೀ, ಅದೀರೇನ್ರಿ?” ಖಾಲಿ ಖೋಲಿ ಅವರ ಮಾತನ್ನು ಅವರಿಗೇ ತಿರುಗಿಸಿತು. ಅವ್ವ ಹೊರಗೆ ಬಂದು ಹೇಳಿದಳು. ಮುದುಕರ ಮುಖ ಇಳಿದುಹೋಯಿತು.

“ನಾ ಯಾವಾಗ ಬಿಡ್ರಿ ಅಂದೆ ತಂಗಿ? ಆ ಹೆಣ್ಮಗಳಿಗೆ ನಾ ಯಾಕ ಅನ್ನಲಿ?”

ಯಾರೂ ನಂಬಲಿಲ್ಲ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ ಎಂದು ಅವರ ಬೆನ್ನ ಹಿಂದೆ ಅಂಗಳವೆಲ್ಲ ಆಡಿಕೊಂಡಿತು. ಅವರು ಎರಡು ತಿಂಗಳು ಆ ಖೋಲಿ ಯಾರಿಗೂ ಕೊಡಲಿಲ್ಲ. ನಾನು ಅವ್ವನ ಸೆರಗು ಹಿಡಿದು ನಿಂತೇ ಇದ್ದೆ. ಆ ಎರಡು ತಿಂಗಳೂ ಬಾಯಿ ಬಿಡಲಿಲ್ಲ.

ದೊಡ್ಡವಳಾಗಿ ಎಷ್ಟೋ ರಂಗದ ಮೇಲೆ ನಿಂತೆ. ಜನ ನಂಬಿದ್ದಾರೆ ಎಂದು ಗೊತ್ತಾದಾಗಲೆಲ್ಲ, ಚಪ್ಪಾಳೆಗೆ ಮೊದಲಿನ ಆ ನಿಶ್ಶಬ್ದದಲ್ಲಿ, “ಅಚ್ಛಾ ರೀ ಸಾಹುಕಾರ್” ಎಂದು ಕೇಳಿಸುತ್ತಿತ್ತು. ಕೊನೆಗೆ ತಡೆಯಲಾಗದೆ ಬಿಟ್ಟೆ.

ಆ ಅಂಗಳ ಈಗಿಲ್ಲ. ವಿದ್ಯಾರ್ಥಿಗಳ ನಾಲ್ಕಂತಸ್ತಿನ ಪಿಜಿ ಎದ್ದಿದೆ. ಸೇಡಂ ರಸ್ತೆಯ ಬಡಾವಣೆಗಳಲ್ಲಿ ಮನೆ ಬಿಡಿಸುವವರು ಕೆಮ್ಮುವುದಿರಲಿ, ಬಾಗಿಲಿಗೂ ಬರುವುದಿಲ್ಲ. ಮೊಬೈಲಿಗೆ ಒಂದು ಸಾಲು ಕಳಿಸುತ್ತಾರೆ. ಅಂಥ ಮನೆಗಳಿಗೆ ಹೋಗಿ ಹೇಳುತ್ತೇನೆ: “ಬಾಯಿಮಾತಿಗೆ ಗಂಟುಮೂಟೆ ಕಟ್ಟಬ್ಯಾಡ್ರಿ. ಯಾರು ಅಂದ್ರು, ಯಾಕ ಅಂದ್ರು, ಎದುರಿಗೆ ನಿಂತು ಕೇಳ್ರಿ.” ಹೇಳುತ್ತ ಹೇಳುತ್ತ ನನ್ನ ಧ್ವನಿ ಏರುತ್ತದೆ. ಬೈಯುತ್ತಿದ್ದೇನೆಂದು ಅವರು ತಿಳಿಯುತ್ತಾರೆ.

ಹೋದ ವರ್ಷ ಇಂಥದೇ ಕೆಲಸಕ್ಕೆ ಕಮಲಾಪುರಕ್ಕೆ ಹೋಗಿದ್ದೆ. ಎಷ್ಟು ಸಲ ಹೋದರೂ ಕೇಳಲು ಧೈರ್ಯವಾಗದ್ದನ್ನು ಅವತ್ತು ಕೇಳಿದೆ. ಖಾಲಾಳ ತಂಗಿಯ ಮಗಳು ಶಮೀಮಳ ಮನೆ ಸಿಕ್ಕಿತು. ಖಾಲಾ ತೀರಿ ಬಹಳ ವರ್ಷವಾಗಿತ್ತು.

“ನಮ್ಮ ಸಣ್ಣ ಮನ್ಯಾಗ ಮಷೀನ್ ಇಡಾಕ ಜಾಗಾ ಇರಲಿಲ್ರಿ, ಮಾರಿಬಿಟ್ಳು,” ಎಂದಳು ಶಮೀಮ್. “ಅಡಗಿ ಮನ್ಯಾಗ ಮಲಗತಿದ್ಳು. ಆದ್ರ ಕೊನೀತನಕ ಆ ಸಾಹುಕಾರ್ರಿಗೆ ದುವಾ ಮಾಡತಿದ್ಳು ನೋಡ್ರಿ. ‘ಬ್ಯಾರೆ ಮಾಲಕರು ಸಾಮಾನು ಹೊರಗ ಒಗೀತಾರ, ಇಂವ ಜುಮ್ಮಾತನಕ ಟೈಮ್ ಕೊಟ್ಟ’ ಅಂತಿದ್ಳು.”

ಆಮೇಲೆ ಅವಳೇ ಕೇಳಿದಳು:

“ನಿಮಗ ಖಾಲಾ ಹೆಂಗ ಗೊತ್ರಿ?”

ಈ ಪ್ರಶ್ನೆಗೆಂದೇ ಇಷ್ಟು ವರ್ಷ ‘ಅದು ನಾನು’ ಎಂಬ ಉತ್ತರ ಕಟ್ಟಿಕೊಂಡು ತಿರುಗಿದ್ದೆ.

“ಬಾಜೂ ಖೋಲಿಯವ್ರು,” ಎಂದೆ.

ಬಾಜೂ ಖೋಲಿಯವರು ಎಂದ ಮೇಲೆ ಉಣ್ಣದೆ ಕಳಿಸುವುದುಂಟೇ ಎಂದು ಅವಳು ನನ್ನ ಕೈಹಿಡಿದು ಕೂರಿಸಿದಳು. ಉಂಡು ಬಂದೆ.