ಏಣಿಯಂಥ ಅಕ್ಷರ, ಕುಡುಗೋಲಿನಂಥ ಅಕ್ಷರ

ಸತ್ತಿ ಎಂಬ ಊರಿನಲ್ಲಿರುವ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ನೆಡುವ ಮೊದಲು ಕಬ್ಬಿನ ಬೀಜದ ತುಂಡು ಅದ್ದುವ ದ್ರಾವಣದ ಬಾಟಲಿ ಖಾಲಿಯಾದ ಮೇಲೆ ಅದರ ಲೇಬಲ್ಲನ್ನು ನೀರಲ್ಲಿ ನೆನೆಸಿ ಬಿಡಿಸಿ, ಒಣಗಿಸಿ, ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಾಳೆ. ಇಂಗ್ಲಿಷ್ ಅವಳಿಗೆ ಬಾರದು. ಮುಂದಿನ ಬಾಟಲಿ ಬಂದಾಗ ಹಳೆಯದನ್ನು ಪಕ್ಕದಲ್ಲಿ ಹಿಡಿದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತಾಳೆ ನೋಡುತ್ತಾಳೆ. ಒಮ್ಮೆ ನಕಲಿ ಔಷಧಕ್ಕೆ ಮೋಸಹೋದ ಮೇಲೆ ಹಿಡಿದ ಪದ್ಧತಿ. ಅವಳು ಹೂಂ ಅಂದ ಬಾಟಲಿಯನ್ನೇ ಓಣಿಯ ಉಳಿದ ಹೆಂಗಸರೂ ಕೊಳ್ಳುತ್ತಾರೆ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆತೆನೋ, ಗೊತ್ತಾದದ್ದೇ ಆ ದಿನವೋ, ಈಗ ಖಚಿತವಾಗಿ ಹೇಳಲಾರೆ.

ಆ ದ್ರಾವಣ ತಯಾರಾಗುವುದು ರಾಯಬಾಗದಲ್ಲಿ, ನಾನು ಕೆಲಸ ಮಾಡುವ ಸಣ್ಣ ಲ್ಯಾಬಿನಲ್ಲಿ. ಅದರಲ್ಲಿರುವ ಬ್ಯಾಕ್ಟೀರಿಯಾ ಕಬ್ಬಿನ ಒಳಗೇ ಬದುಕುತ್ತದೆ, ಗಾಳಿಯ ಸಾರಜನಕ ಹಿಡಿದು ಬೆಳೆಗೆ ಉಣಿಸುತ್ತದೆ. ಹುಳಿ ಮಾಡುವ ಗುಣ ನೋಡಿ ಮೊದಲು ಅದನ್ನು ಅಸಿಟೊಬ್ಯಾಕ್ಟರ್ ಎಂಬ ಕುಲಕ್ಕೆ ಸೇರಿಸಿದ್ದರು. ಮುಂದೆ ಜೀನುಗಳನ್ನು ಹೋಲಿಸಿ ನೋಡಿದವರು, ಇದರ ಹತ್ತಿರದ ನೆಂಟರು ಬೇರೆಯವರು ಎಂದು ಗ್ಲುಕೊನಸಿಟೊಬ್ಯಾಕ್ಟರ್ ಕುಲಕ್ಕೆ ಸರಿಸಿದರು. ಪುಸ್ತಕದಲ್ಲಿ ಹೆಸರು ಬದಲಾಗಿ ಎಷ್ಟೋ ವರ್ಷವಾಗಿತ್ತು. ನಮ್ಮ ಲೇಬಲ್ಲಿನಲ್ಲಿ ಮಾತ್ರ ಹಳೆಯದೇ ಉಳಿದಿತ್ತು. ಹಟ ಹಿಡಿದು ಅದನ್ನು ತಿದ್ದಿಸಿದವನು ನಾನು. ರೈತರಿಗೆ ಸರಿಯಾದ ಮಾಹಿತಿ ಸಿಗಲೆಂದು ಹಾಗೆ ಮಾಡಿದೆ ಅಂತ ಡೈರಿಯಲ್ಲಿದೆ. ಓದಿದವನೆಂದು ತೋರಿಸಿಕೊಳ್ಳುವ ಆಸೆ ಎಷ್ಟಿತ್ತೆಂದು ಡೈರಿ ಹೇಳುವುದಿಲ್ಲ.

ಹೊಸ ಲೇಬಲ್ಲಿನ ಬಾಟಲಿಗಳು ಸತ್ತಿಗೆ ಹೋದ ಮೇಲೆ ಒಂದು ಬೆಳಗ್ಗೆ ಅತ್ತೆಯ ಫೋನ್ ಬಂತು. ಬೀಜದ ತುಂಡು ಕಡಿದಾಗಿದೆ, ಆಳುಗಳು ಬಂದಿದ್ದಾರೆ, ನಿನ್ನ ಬಾಟಲಿ ಮಾತ್ರ ನಕಲಿ, ಅದ್ದದೆಯೇ ನೆಡುತ್ತೇವೆ ಅಂದಳು. ಓಣಿಯವರಿಗೂ ತಿರುಗಿ ಕೊಡಿರೆಂದು ಹೇಳಿಬಿಟ್ಟಿದ್ದಳು. ನಾನು ಬೈಕ್ ಹತ್ತಿದೆ.

ಹೊಲದಲ್ಲಿ ತುಂಡುಗಳು ಬೇವಿನ ನೆರಳಲ್ಲಿ ಹಸಿ ಗೋಣಿಚೀಲ ಹೊದ್ದು ಬಿದ್ದಿದ್ದವು. ಬಿಸಿಲೇರಿದರೆ ಮೊಳಕೆಯೊಡೆಯುವ ಕಣ್ಣುಗಳು ಒಣಗುತ್ತವೆ. ನೀರು ತುಂಬಿದ ಬ್ಯಾರಲ್ ಹಾಗೇ ನಿಂತಿತ್ತು. ಅತ್ತೆ ಎರಡೂ ಲೇಬಲ್ಲುಗಳನ್ನು ತೊಡೆಯ ಮೇಲೆ ಹರಡಿಕೊಂಡು ಬದುವಿನ ಮೇಲೆ ಕೂತಿದ್ದಳು.

"ಬಾರಪಾ ಶಾಣ್ಯಾ," ಅಂದಳು. "ಮದ್ಲ ಇಲ್ಲಿ ಏಣಿ ಇತ್ತು. ಈಗ ಕುಡುಗೋಲ ಐತಿ. ನಾ ಕುಡ್ಡಿ ಅಂತ ತಿಳದೀ ಏನ?"

ಹಳೆಯ ಹೆಸರಿನ ಮೊದಲಕ್ಷರ, ಇಂಗ್ಲಿಷಿನ A, ನಿಜಕ್ಕೂ ಏಣಿಯಂತೆಯೇ ಇತ್ತು; ಹೊಸದರ G ಕುಡುಗೋಲಿನಂತೆ. ಆಳುಗಳು ನಕ್ಕರು. ಕುಲ, ಜೀನು, ನೆಂಟಸ್ತಿಕೆ ಅಂತ ನಾನು ವಿವರಿಸತೊಡಗಿದೆ. ಅವಳು ಬೀಜದ ಕಡೆ ನೋಡುತ್ತಿದ್ದಳೇ ಹೊರತು ನನ್ನ ಕಡೆಗಲ್ಲ. ಕೊನೆಗೆ ಹೇಳಿದೆ: ಈ ಹೆಸರಲ್ಲಿ ಎರಡು ಶಬ್ದ, ಮೊದಲನೆಯದು ಮನೆತನದ್ದು, ಮನೆ ಬದಲಾಗಿದೆ, ಎರಡನೇ ಶಬ್ದ ಅದರ ಸ್ವಂತ ಹೆಸರು, ಅದನ್ನು ಬಿಡಿಸುವ ಹಾಗಿಲ್ಲ, ಅದೇ ನಿಯಮ, ಎರಡನೆಯದನ್ನು ತಾಳೆ ನೋಡು.

ಅವಳು ಬೆರಳಿಟ್ಟಳು. ಉದ್ದನೆಯ ಶಬ್ದ. ಒಂದೊಂದೇ ಅಕ್ಷರ ದಾಟುತ್ತ ಕೊನೆಯವರೆಗೆ ಹೋದಳು. ಮತ್ತೆ ಮೊದಲಿನಿಂದ ಹೋದಳು. ಎಲ್ಲ ಕೂಡಿತು.

"ಮನಿ ಬದಲಾದ್ರೂ ಈ ಹುಳಕ್ಕ ಅದರ ಹೆಸರು ಅದಕ್ಕ ಬಿಟ್ಟಾರ," ಅಂದಳು. "ನನಗ ಅಷ್ಟೂ ಬಿಡಲಿಲ್ಲ ನೋಡು."

ನಮ್ಮ ಕಡೆ ಎಷ್ಟೋ ಮದುವೆಗಳಲ್ಲಿ ತಾಟಿನಲ್ಲಿ ಅಕ್ಕಿ ಹರಡಿ, ಅದರಲ್ಲಿ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ಅತ್ತೆಗೂ ಹಾಗೇ ಆಗಿತ್ತಂತೆ. ಮೊದಲಿನ ಹೆಸರೇನು ಅಂತ ಕೇಳಿದೆ. ಅವಳು ಹೇಳಿದಳು. ಅದು ಅಪ್ಪ ಅವಳನ್ನು ಕರೆಯುವ ಹೆಸರು. ನಾನು ಅದನ್ನು ಇಷ್ಟು ವರ್ಷ ಮುದ್ದಿನ ಹೆಸರೆಂದೇ ತಿಳಿದಿದ್ದೆ.

ಅವಳು ಎದ್ದು ಬಾಟಲಿಯ ಮುಚ್ಚಳ ತಿರುವಿ ಬ್ಯಾರಲ್ಲಿಗೆ ಸುರಿದಳು. ಓಣಿಯವರಿಗೆ ಫೋನ್ ಮಾಡಿ, ನಂದೇ ತಪ್ಪಾತು, ಬಾಟಲಿ ಖರೇ ಅದಾವ ಅಂದಳು. ತಪ್ಪು ಅವಳದ್ದಲ್ಲ. ಹಾಗೆಂದು ನಾನು ಆಗ ಹೇಳಿದೆನೇ? ಹೇಳಿದ ನೆನಪಿದೆ. ಆದರೆ ಹೇಳಬೇಕಿತ್ತು ಎಂಬುದೇ ಹೀಗೆ ನೆನಪಾಗಿ ಕೂತಿರಬಹುದು. ಆ ದಿನದ ಡೈರಿಯಲ್ಲಿ ಒಂದೇ ಸಾಲು: ಸತ್ತಿ, ಹನ್ನೊಂದರೊಳಗೆ ಬೀಜ ಅದ್ದುವುದು ಮುಗಿಯಿತು.

ಬ್ಯಾಕ್ಟೀರಿಯಾಗಳ ಹಳೆಯ ಹೆಸರನ್ನು ಪಟ್ಟಿಯಿಂದ ಅಳಿಸುವುದಿಲ್ಲ. ಹೊಸದರ ಜೊತೆಗೇ ಇಟ್ಟಿರುತ್ತಾರೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದವನು ಲೇಬಲ್ ತಿದ್ದುವಾಗ ಮರೆತಿದ್ದೆ. ಈಗ ಹೊಸ ಹೆಸರಿನ ಕೆಳಗೆ ಹಳೆಯದನ್ನೂ ಅಚ್ಚು ಹಾಕಿಸುತ್ತೇವೆ, ಅತ್ತೆಯ ಬೆರಳಿಗೆ ಸಿಗುವಷ್ಟು ದಪ್ಪ ಅಕ್ಷರದಲ್ಲಿ.